ಒಂಬೈನೂರು ಗ್ರಾಂ

ಬೆಳಗಿನ ಜಾವ ನಾಲ್ಕೂವರೆ.
ಶಿವಮೊಗ್ಗದ ಮೀನು ಮಾರುಕಟ್ಟೆಗೆ
ಮಲ್ಪೆಯ ಲಾರಿ ಇನ್ನೂ ಬಂದಿಲ್ಲ.
ಬೋರಲು ಹಾಕಿದ ಥರ್ಮೋಕೋಲ್ ಡಬ್ಬಿಯ ಮೇಲೆ ಕೂತು
ನಲವತ್ತೇಳನೇ ಲೆಕ್ಕ ಓದುತ್ತೇನೆ:
ಮೋಸಗಾರ ವ್ಯಾಪಾರಿಯೊಬ್ಬ ಕೊಂಡ ಬೆಲೆಗೇ ಮಾರುವೆನೆಂದು ಹೇಳಿ
ಕಿಲೋಗೆ ಒಂಬೈನೂರು ಗ್ರಾಂ ತೂಗುತ್ತಾನೆ.
ಅವನ ಲಾಭ ಶೇಕಡಾ ಎಷ್ಟು?

ಹನ್ನೊಂದು ಪೂರ್ಣಾಂಕ, ಒಂಬತ್ತನೇ ಒಂದು.
ಇಪ್ಪತ್ತು ಸೆಕೆಂಡು. ಧನಪಾಲ್ ಸರ್ ಇದ್ದಿದ್ದರೆ
ಹದಿನೈದಕ್ಕೆ ಇಳಿಸು ಅನ್ನುತ್ತಿದ್ದರು.

ಅವ್ವನಿಗೆ ಓದಿ ಹೇಳಿದೆ. ಹೇಳಬಾರದಿತ್ತು.
"ಯಾರವನು? ಯಾವ ಊರೋನು?"
ಊರಿಲ್ಲ ಅವ್ವ, ಲೆಕ್ಕ.
"ಹೆಸರೂ ಇಲ್ವಾ? ಹೆಸರಿಲ್ದೆ ಕಳ್ಳ ಅಂತ ಬರೆದವ್ರಾ?
ಗಿರಾಕಿ ಮನೇಲಿ ತೂಗಿ ನೋಡಲ್ವಾ?
ನಾಳೆ ಮತ್ತೆ ಬರ್ತಾಳಾ? ಅದನ್ನ ಕೇಳಿಲ್ವಾ ಕೆಳಗೆ?"
ಕೆಳಗೆ ನಾಲ್ಕು ಉತ್ತರಗಳಿದ್ದವು.
ಬರ್ತಾಳಾ ಎಂಬುದು ಅವುಗಳಲ್ಲಿ ಇರಲಿಲ್ಲ.

ಲಾರಿ ಬಂದಾಗ ಆರಕ್ಕೆ ಹತ್ತು ನಿಮಿಷ.
ಹುಲಿಕಲ್ ಘಾಟಿಯಲ್ಲಿ ಮಂಜಂತೆ, ಮುಂದೊಂದು ಟ್ಯಾಂಕರ್ ಕೆಟ್ಟಿತ್ತಂತೆ.
ನನ್ನ ಪುಸ್ತಕದ ರೈಲುಗಳಿಗೆ ಘಾಟಿಯಿಲ್ಲ,
ಅವು ಸದಾ ಒಂದೇ ವೇಗದಲ್ಲಿ
ಕಂಬವನ್ನೋ ಸೇತುವೆಯನ್ನೋ ದಾಟುತ್ತಿರುತ್ತವೆ.
ಐವತ್ತು ಕಿಲೋ ಬಂಗುಡೆ ಎಂದು ಬಿಲ್ಲು.
ಐಸು ಬಸಿದು ತೂಗಿದರೆ ನಲವತ್ತಾರು ಮುಕ್ಕಾಲು.
ಅವ್ವ ಪೆನ್ನು ಮುಟ್ಟಲಿಲ್ಲ, ಬುಟ್ಟಿ ನೋಡಿ ದರ ಹೇಳಿದಳು.
ನಾನು ಹಾಳೆಯ ಮೂಲೆಯಲ್ಲಿ ಮಾಡಿ ನೋಡಿದೆ.
ಅವಳದು ಎರಡು ರೂಪಾಯಿ ಹೆಚ್ಚಿತ್ತು,
ಮಧ್ಯಾಹ್ನ ಹನ್ನೆರಡರ ಬಿಸಿಲಿನ ಎರಡು ರೂಪಾಯಿ.

ಇಂಗ್ಲಿಷ್ ಪ್ಯಾಸೇಜು ಮಾತ್ರ ನನಗೆ ಇನ್ನೂ ಏರುದಾರಿ.
ಕನ್ನಡ ಶಾಲೆಯಲ್ಲಿ ಹತ್ತರವರೆಗೂ ಓದಿದವಳು.
ಇನ್‌ಫರೆನ್ಸ್ ಎಂದು ಸರ್ ಬೋರ್ಡಿನ ಮೇಲೆ ಬರೆದು,
ಬರೆದದ್ದರಿಂದ ಬರೆಯದ್ದನ್ನು ತಿಳಿಯುವುದು ಅಂದಾಗ
ಎಲ್ಲರೂ ಬರೆದುಕೊಂಡರು. ನಾನು ಬರೆಯಲಿಲ್ಲ.
ಗಿರಾಕಿ ಕಿವಿರೆತ್ತಿ ನೋಡಿ, ಪಕ್ಕದಂಗಡಿಯತ್ತ ಕಣ್ಣು ಹಾಯಿಸಿ,
ಸುಮ್ಮನೆ ಪರ್ಸಿನ ಜಿಪ್ಪು ಮುಟ್ಟಿದರೆ ಸಾಕು,
ಅರ್ಧ ಕಿಲೋ ಕಟ್ಟಲು ಶುರುಮಾಡುವವಳ ಮಗಳು.

ನಾಲ್ಕನೇ ಮಾಕ್ ಟೆಸ್ಟಿನಲ್ಲಿ ತೊಂಬತ್ತೊಂದು ಪರ್ಸೆಂಟೈಲು.
ಅಂದರೆ ನೂರರಲ್ಲಿ ತೊಂಬತ್ತೊಂದು ಜನ ನನ್ನ ಹಿಂದೆ, ಅವ್ವ.
"ಹಿಂದೆ ಅಂದ್ರೆ? ಬಿದ್ದೋರಾ, ಕೂತೋರಾ?"
ಹೇಳಲು ಬರಲಿಲ್ಲ.
ಮೂರನೇ ಟೆಸ್ಟಿನವರೆಗೂ ನನಗಿಂತ ಮುಂದಿದ್ದಳು ರುಕ್ಸಾರ್,
ಕಗ್ಗಂಟಿನ ಲೆಕ್ಕ ಬಿಟ್ಟು ಮುಂದೆ ಹೋಗುವುದರಲ್ಲಿ ಅವಳದೇ ಕೈ.
ಎರಡನೇ ಕಂತಿನ ಫೀಸು ಕಟ್ಟಬೇಕಾದ ವಾರ
ಸಾಗರದಲ್ಲಿ ಚಿನ್ನದ ಸಾಲ ಕೊಡುವ ಆಫೀಸು ಸೇರಿದಳು.
ಪಟ್ಟಿಯಲ್ಲಿ ಈಗ ಅವಳು ನನ್ನ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ.
ಬೆಂಚಿನ ಮೇಲೆ ಅವಳ ಜಾಗದಲ್ಲಿ ನನ್ನ ಬ್ಯಾಗು.

ಪರೀಕ್ಷೆಗೆ ಹನ್ನೆರಡು ದಿನ.
ಅವ್ವ ತೂಗುತ್ತಾಳೆ. ತಕ್ಕಡಿಯ ಕೆಂಪು ಅಂಕಿ ನಿಂತ ಮೇಲೆ
ಎರಡು ಭೂತಾಯಿ ಎತ್ತಿ ಹಾಕುತ್ತಾಳೆ, ಕೊಸರು,
ಗಿರಾಕಿಯ ಮುಖವನ್ನೂ ನೋಡದೆ.
ಪುಸ್ತಕವನ್ನೆಲ್ಲ ಮಗುಚಿದೆ. ಕೊಸರಿನ ಲೆಕ್ಕ ಒಂದೂ ಇಲ್ಲ.
ಅಂಚಿನಲ್ಲಿ ನಾನೇ ಬರೆದೆ, ಪೆನ್ಸಿಲಿನಲ್ಲಿ:
ಹೆಂಗಸೊಬ್ಬಳು ಇಪ್ಪತ್ತೆರಡು ವರ್ಷದಿಂದ
ಕಿಲೋಗೆ ಒಂದು ಸಾವಿರದ ಎಪ್ಪತ್ತು ಗ್ರಾಂ ತೂಗುತ್ತಾಳೆ.
ಅವಳ ನಷ್ಟ ಶೇಕಡಾ ಎಷ್ಟು?

ಸೂತ್ರ ಹಾಕಿದರೆ ಆರೂವರೆಯ ಆಸುಪಾಸು.
ಹಾಗಿದ್ದರೆ ನನ್ನ ಎರಡನೇ ಕಂತು ಎಲ್ಲಿಂದ ಬಂತು?

"ಏಳಾಯ್ತು, ಏಳು."
ಅರ್ಧ ನಿಂಬೆಹಣ್ಣು ನನ್ನ ಕಡೆ ಎಸೆದಳು.
ಕೈ ಉಜ್ಜಿಕೊಳ್ಳುತ್ತ ನೆಹರೂ ರಸ್ತೆಯತ್ತ ನಡೆದೆ.
ಬೆರಳಿನ ವಾಸನೆ ಹೋಗುತ್ತದೆ.
ಉಗುರಿನದು ಮಧ್ಯಾಹ್ನದವರೆಗೂ ಇರುತ್ತದೆ.